ಹನ್ನೊಂದು ಒಂದುಗಳ ಲೆಕ್ಕ

ಕುಷ್ಟಗಿಯ ಖಾಸಗಿ ಹೈಸ್ಕೂಲೊಂದರಲ್ಲಿ ಇಮಾಮಬಾನು ಸಿಪಾಯಿ. ಗಂಟೆ ಬಾರಿಸುವುದು, ಕೋಣೆ ಗುಡಿಸುವುದು ಅವಳ ಕೆಲಸ. ಪಿಯುಸಿಯಲ್ಲಿ ಗಣಿತಕ್ಕೆ ತೊಂಬತ್ತೆಂಟು ಅಂಕ ಬಂದಿತ್ತು. ಆ ಬೇಸಿಗೆಯಲ್ಲೇ ನಿಕಾಹ್ ಆಗಿ ಓದು ನಿಂತಿತು. ಈಗ ಅವಳಿಗೆ ನಲವತ್ತಮೂರು. ಅಂಕಿಗಳ ಹುಚ್ಚು ಮಾತ್ರ ಬಿಟ್ಟಿರಲಿಲ್ಲ.

ಒಂದು ದಿನ ಗಣಿತದ ಮಾಸ್ತರ ಸಿದ್ದಲಿಂಗೇಶ ಹನ್ನೊಂದು ಒಂದುಗಳನ್ನು ಸಾಲಾಗಿ ಬರೆದು, ಇದು ಅವಿಭಾಜ್ಯ ಸಂಖ್ಯೆ, ಯಾವುದರಿಂದಲೂ ಭಾಗವಾಗುವುದಿಲ್ಲ ಎಂದು ಮಕ್ಕಳಿಗೆ ಹೇಳಿದರು. ಬಾಗಿಲಲ್ಲಿದ್ದ ಇಮಾಮಬಾನು ತರಗತಿ ಮುಗಿದ ಮೇಲೆ ಕೇಳಿದಳು: "ಸರ್, ಭಾಗ ಹಾಕಿ ನೋಡೀರೇನ್ರಿ?"

"ನೀನೇ ನೋಡವಾ," ಎಂದು ಅವರು ನಕ್ಕರು.

ಅವಳು ನಿಜವಾಗಿಯೂ ಕೂತಳು. ಮೂರು, ಏಳು, ಹದಿಮೂರು, ಯಾವುದೂ ಹತ್ತಲಿಲ್ಲ. ಆಗ ಚಿಕ್ಕ ಸಾಲುಗಳನ್ನು ಹಿಡಿದಳು. ಐದು ಒಂದುಗಳು ನಲವತ್ತೊಂದು ಮತ್ತು ಇನ್ನೂರ ಎಪ್ಪತ್ತೊಂದರ ಗುಣಲಬ್ಧ. ಎರಡರಲ್ಲೂ ಒಂದು ಕಳೆದರೆ ಹತ್ತರಿಂದ ಭಾಗವಾಗುತ್ತಿತ್ತು. ಏಳು ಒಂದುಗಳ ಭಾಜಕಗಳಲ್ಲಿ ಒಂದು ಕಳೆದರೆ ಹದಿನಾಲ್ಕರಿಂದ. ಐದಕ್ಕೆ ಹತ್ತು, ಏಳಕ್ಕೆ ಹದಿನಾಲ್ಕು, ಹಾಗಾದರೆ ಹನ್ನೊಂದಕ್ಕೆ ಇಪ್ಪತ್ತೆರಡು ಇರಬೇಕು! ಒಂದು ಕಳೆದರೆ ಇಪ್ಪತ್ತೆರಡರಿಂದ ಭಾಗವಾಗುವ ಸಂಖ್ಯೆಗಳನ್ನಷ್ಟೇ ಆರಿಸಿ, ಏಳು ತಿಂಗಳು ಭಾಗಿಸುತ್ತಲೇ ಹೋದಳು. ಕೊನೆಗೆ 21649 ಶೇಷವಿಲ್ಲದೆ ಹೋಯಿತು. ಭಾಗಲಬ್ಧ 513239. ಮೂರು ಸಲ ಗುಣಿಸಿ ನೋಡಿದಳು. ಮರುದಿನವೇ ಲೆಕ್ಕದ ನೋಟ್‌ಬುಕ್ಕನ್ನು ಮಾಸ್ತರರ ಮುಂದಿಟ್ಟಳು.

ಅವರು ಅದನ್ನು ಬಹಳ ಹೊತ್ತು ತಿರುವಿ, "ನಾಕು ದಿನ ನನ್ನ ಕಡೆ ಇರಲಿ," ಎಂದರು.

ಮುಂದಿನ ತಿಂಗಳು ಕೊಪ್ಪಳದಲ್ಲಿ ಶಿಕ್ಷಕರ ಗಣಿತ ಪ್ರದರ್ಶನ. ಚಾರ್ಟುಗಳನ್ನು ಹೊರಲು ಇಮಾಮಬಾನುವನ್ನೂ ಕರೆದೊಯ್ದರು. ಬಿಚ್ಚಿ ತೂಗುಹಾಕುವಾಗ ನೋಡಿದಳು: ಅವಳದೇ ಲೆಕ್ಕ, ಕೆಳಗೆ ಸಿದ್ದಲಿಂಗೇಶರ ಹೆಸರು.

"ಇಪ್ಪತ್ತೆರಡೇ ಯಾಕ್ರಿ ಸರ್?" ತೀರ್ಪುಗಾರರೊಬ್ಬರು ಕೇಳಿದರು. ಮಾಸ್ತರರು ತಡವರಿಸಿದರು. ಉತ್ತರ ಹೇಳಲೆಂದು ಇಮಾಮಬಾನು ಒಂದು ಹೆಜ್ಜೆ ಮುಂದೆ ಬಂದಳು.

"ಅಮ್ಮಾ, ಸ್ವಲ್ಪ ಸರೀರಿ, ಫೋಟೋಕ್ಕ ಅಡ್ಡ ಬರ್ತೀರಿ," ಎಂದ ಫೋಟೋದವನು.

ಅವಳು ಸರಿದಳು. ಮೊದಲ ಬಹುಮಾನ ಮಾಸ್ತರರಿಗೆ ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿಯೇ ಬಿಟ್ಟಳು. "ಸರ್, ಅದು ನನ್ನ ಲೆಕ್ಕ ಅಲ್ಲೇನ್ರಿ?"

"ಸಿಪಾಯಿ ಮಾಡ್ಯಾಳಂದ್ರ ಯಾರು ನಂಬ್ತಾರವಾ? ನಮ್ಮ ಸಾಲಿಗಿ ಹೆಸರು ಬಂತಲ್ಲ, ಅಷ್ಟ ಸಾಕು."

ನೋಟ್‌ಬುಕ್ಕು ತಿರುಗಿ ಬರಲಿಲ್ಲ. ಎರಡು ಸಲ ಕೇಳಿದಳು, ಹುಡುಕುತ್ತೇನೆ ಎಂದರು. ಮೂರನೆಯ ಸಲ ಕೇಳಲಿಲ್ಲ.

ಮರುವರ್ಷ ಪ್ರದರ್ಶನ ಹತ್ತಿರ ಬಂದಾಗ ಅವರೇ ಚಹಾ ತರಿಸಿ ಅವಳನ್ನು ಕೂರಿಸಿಕೊಂಡರು. "ಈಗ ಹದಿಮೂರು ಒಂದು ತಗೋಳೂಣು. ಭಾಗ ಹೋಗ್ತೈತೇನ ನೋಡು."

ಅದನ್ನು ಅವಳು ಯಾವತ್ತೋ ನೋಡಿ ಮುಗಿಸಿದ್ದಳು. ಐವತ್ತಮೂರರಿಂದ ಹೋಗುತ್ತದೆ, ಕಂಡುಹಿಡಿಯಲು ಹತ್ತು ನಿಮಿಷವೂ ಬೇಕಾಗಿರಲಿಲ್ಲ.

"ನನಗೇನ ತಿಳೀತೈತ್ರಿ ಸರ್," ಎಂದು ಎದ್ದಳು.

ಚಹಾ ಅಲ್ಲೇ ಉಳಿಯಿತು. ಗೆದ್ದೆನೆಂದು ಅವಳಿಗೆ ಅನಿಸಲಿಲ್ಲ. ಐವತ್ತಮೂರೆಂದರೆ ಕಣ್ಣರಳಿಸಿ ಕೇಳುವವರು ಮಾಸ್ತರರನ್ನು ಬಿಟ್ಟರೆ ಆ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ.