ಉಪ್ಪು ಹಾಕದ ಮಸ್ಸೊಪ್ಪು

ಮೊನ್ನೆ ಬಂಗಾರಪೇಟೆಯ ಸಂತೆಯಲ್ಲಿ ಗೋಣಿ ಸೊಪ್ಪಿನ ಕೆಂಪು ದಂಟೊಂದನ್ನು ಮುರಿದೆ. ಬೆರಳಿಗಂಟಿದ ಲೋಳೆಯಿಂದ ಹಸಿಮಣ್ಣಿನ, ತುಸು ಹುಳಿಯ ವಾಸನೆ ಎದ್ದಿತು. ಅದರೊಡನೆ ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ನಮ್ಮ ಸಾಲುಮನೆಯೂ, ಪಕ್ಕದ ಮನೆಯ ಅವ್ವನ ನಗುವೂ...

ಅವ್ವ ಕ್ಯಾಸಂಬಳ್ಳಿ ಕಡೆಯ ರೈತರ ಮಗಳು. ತವರಿನ ಕೆರೆಯಂಗಳದ ಚೌಳು ನೆಲದಲ್ಲಿ, ಬೇರೇನೂ ಚಿಗುರದ ಕಡೆ, ಈ ಸೊಪ್ಪು ತಾನಾಗಿ ಹಬ್ಬುತ್ತಿತ್ತು. ಮಡಿಲು ತುಂಬ ತಂದು ಅವರು ಮಸ್ಸೊಪ್ಪು ಮಾಡಿದ ದಿನ ಇಡೀ ಸಾಲಿಗೆ ಔತಣ. ಒಮ್ಮೆ ನಾನು ನೆರವಾಗಲೆಂದು ಪಾತ್ರೆಗೆ ಉಪ್ಪು ಸುರಿದೆ. ಸಾರು ಬಾಯಿಗಿಡಲಾಗಲಿಲ್ಲ.

"ಕಾಲೇಜು ಓದಿದ್ಯಲ್ಲೇ, ಇಷ್ಟೂ ಗೊತ್ತಿಲ್ವಾ? ಚೌಳು ನೆಲದ ಸೊಪ್ಪು ಉಪ್ಪು ಕುಡ್ಕೊಂಡೇ ಬೆಳೀತದೆ. ಮೊದ್ಲು ನಾಲಿಗೇಗೆ ಇಕ್ಕು, ಆಮೇಲೆ ಉಪ್ಪಿಗೆ ಕೈ ಇಕ್ಕು!"

ಹೊಟ್ಟೆ ಹಿಡಿದು ನಕ್ಕು, ಇನ್ನಷ್ಟು ಬೇಳೆ ಬೇಯಿಸಿ ಬೆರೆಸಿ, ಎಲ್ಲರಿಗೂ ಮುದ್ದೆಯೊಡನೆ ಬಡಿಸಿದರು.

ಆ ಮಳೆಗಾಲ ಅದೇ ಸೊಪ್ಪು ನಮ್ಮ ಸಾಲಿನ ಹಿಂದೆ, ಸಯನೈಡ್ ಹಾಕಿ ಚಿನ್ನ ತೆಗೆದ ಮೇಲೆ ಗಣಿಯ ಕಾಲದಿಂದ ಉಳಿದ ಮಣ್ಣಿನ ದಿಬ್ಬದ ಬುಡದಲ್ಲಿಯೂ ಚಿಗುರಿತು. ಮಕ್ಕಳು ಕೀಳತೊಡಗಿದರು. ಅವ್ವನ ನಿದ್ದೆ ಕೆಟ್ಟಿತು. ದಿಬ್ಬಕ್ಕೆ ಬೇಲಿ ಬೇಕು, ಮಣ್ಣಿನ ಪರೀಕ್ಷೆಯಾಗಬೇಕು ಎಂದು ಹಟ ಹಿಡಿದರು. ಕೊನೆಗೆ ಅಧಿಕಾರಿಯೊಬ್ಬರು ಸಾಲಿನವರ ಸಭೆಗೆ ಬಂದು, ಭಯಪಡುವಂಥದ್ದೇನೂ ಇಲ್ಲ ಎಂದರು. ಅವ್ವ ದಿಬ್ಬದ ಬುಡದ ಒಂದು ಕಟ್ಟು ಸೊಪ್ಪು ಹಿಡಿದು ಎದ್ದರು.

"ಸಾ, ಮಣ್ಣಿನ ಉಪ್ಪು ಎಲೇಗೆ ಅತ್ತದೆ. ಆ ದಿಬ್ಬದಾಗಿರೋದು ಅತ್ತದಿಲ್ವಾ?"

"ಅದನ್ನು ಪರೀಕ್ಷೆ ಮಾಡಿಸಬೇಕಮ್ಮಾ..."

"ಅಂಗಾದ್ರೆ ಇನ್ನೂ ಮಾಡ್ಸಿಲ್ಲ! ತಗಳಿ, ಮನೇಗೆ ತಗಂಡೋಗಿ, ಅಮ್ಮಾವ್ರು ಸಾರು ಮಾಡ್ಲಿ. ರುಚಿ ಎಂಗಿತ್ತು ಅಂತ ನಾಳೆ ಬಂದು ಯೋಳಿ. ಆಮೇಲೆ ನಮ್ ಮಕ್ಳೂ ತಿಂತಾವೆ."

ಅಧಿಕಾರಿಯ ಚಾಚಿದ ಕೈ ಹಿಂದೆ ಸರಿಯಿತು. "ಸಾಪ್ಡುಂಗ ಸಾರ್!" ಎಂದು ಹಿಂದಿನಿಂದ ಯಾರೋ ತಮಿಳಿನಲ್ಲಿ ಊಟಕ್ಕೆ ಉಪಚರಿಸಿದರು. ಸಭೆ ನಗೆಯಲ್ಲಿ ಮುಳುಗಿತು. ಅಧಿಕಾರಿಯೂ ನಕ್ಕರು. ಅದೇ ವಾರ ಬೇಲಿ ಬಂತು.

ಬೇಲಿ ಇಂದಿಗೂ ನಿಂತಿದೆ. ಮಣ್ಣಿನ ವರದಿ ಮಾತ್ರ ಬಂದಿಲ್ಲ. ಪರೀಕ್ಷೆ ಮಾಡಿಸಿದರೋ ಇಲ್ಲವೋ, ಯಾರೂ ಬರೆದುಕೊಟ್ಟಿಲ್ಲ. ನಾನು ಮೂರನೆಯ ಅರ್ಜಿ ಸಲ್ಲಿಸಿದ್ದೇನೆ. ನಮ್ಮ ಮಕ್ಕಳ ಕಾಲಡಿಯ ಮಣ್ಣಿನಲ್ಲಿ ಏನಿದೆಯೆಂದು ತಿಳಿಯುವುದು ನಮ್ಮ ಹಕ್ಕು. ಅದಕ್ಕೆ ಯಾರ ಕೃಪೆಯೂ ಬೇಕಿಲ್ಲ.

ಅವ್ವ ಈಗಿಲ್ಲ... ಸಭೆಗಳಲ್ಲಿ ನಾನೇ ಎದ್ದು ನಿಲ್ಲುತ್ತೇನೆ. ನನ್ನ ದನಿ ಏರುತ್ತದೆ, ಎದುರಿನವರ ಹುಬ್ಬು ಗಂಟಿಕ್ಕುತ್ತದೆ. ಎಲ್ಲರನ್ನೂ ನಗಿಸುತ್ತಲೇ ಉತ್ತರ ಕೇಳುವ ವಿದ್ಯೆಯನ್ನು ಅವರಿಂದ ಕಲಿಯದೇ ಉಳಿದೆ.