ಹೆಡ್‌ಮೇಡಂ ಗೌನಿನ ಎರಡಿಂಚು

ಆ ಬೀದಿಯಲ್ಲಿ ಯಾರ ಸೊಂಟ ಎಷ್ಟು ಎಂಬುದು ಟೈಲರಕ್ಕನಿಗೆ ಬಾಯಿಪಾಠ. ಇಪ್ಪತ್ತೆರಡು ವರ್ಷ ಟೇಪನ್ನು ಕೊರಳಿಗೆ ಹಾಕಿಕೊಂಡು ಕೂತವಳು, ಒಬ್ಬರ ಅಳತೆಯನ್ನು ಇನ್ನೊಬ್ಬರ ಮುಂದೆ ಬಾಯಿಬಿಟ್ಟವಳಲ್ಲ. ಕಾಜಾ, ಗುಂಡಿ ನೋಡಿಕೊಳ್ಳುತ್ತಿದ್ದ ಅವಳ ತಂಗಿಗೆ ಮಾತ್ರ ಫೋನಿನಲ್ಲಿ ಏನನ್ನಾದರೂ ಹಾಕದಿದ್ದರೆ ಊಟ ಸೇರುತ್ತಿರಲಿಲ್ಲ.

ಒಮ್ಮೆ ಹೈಸ್ಕೂಲಿನ ಹೆಡ್‌ಮೇಡಂ ಹಳೆಯ ಹಸಿರು ಗೌನು ತಂದು, "ಉಸಿರಾಡೋ ಹಾಗಾದ್ರೆ ಸಾಕಮ್ಮ" ಎಂದರು. ಟೈಲರಕ್ಕ ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಮಡಿಸಿದ್ದ ಬಟ್ಟೆಯನ್ನೆಲ್ಲ ಹೊರಗೆಳೆದು ಎರಡಿಂಚು ಬಿಟ್ಟಳು. ಅದೂ ಸಾಲದೆ ಕಂಕುಳಡಿಗೆ ಅದೇ ಬಣ್ಣದ ತುಂಡು ಸೇರಿಸಿದಳು.

ಭಾನುವಾರ ಹೆಡ್‌ಮೇಡಂ ಫೋಟೋ ಹಾಕಿದರು: "ಇಪ್ಪತ್ತು ವರ್ಷದ ಹಿಂದಿನ ಗೌನು. ಇಂದಿಗೂ ಸರಿಯಾಗಿ ಕೂರುತ್ತದೆ. ಗುಟ್ಟು: ಶಿಸ್ತು." ಸಂಜೆಯೊಳಗೆ ಮುನ್ನೂರು ಲೈಕು.

ಮರುದಿನ ಅಂಗಡಿಯಲ್ಲಿ ತಂಗಿಯ ಬೆರಳು ತುರಿಸಿತು. "ಅಕ್ಕಾ, ಶಿಸ್ತಂತೆ! ಆ ಶಿಸ್ತನ್ನ ಹೊಲಿದಿದ್ದು ನೀನು. ಕೆಳಗೆ ಒಂದೇ ಸಾಲು ಬರೀತೀನಿ, ಅಂಗಡಿ ವಿಳಾಸ ಸಮೇತ."

"ಬೇಡ."

"ಸುಳ್ಳೇನೂ ಬರೀತಿಲ್ವಲ್ಲ?"

"ನಿಜಾನೇ. ಆದ್ರೆ ಸೊಂಟ ಅವರದು ಕಣೆ."

ತಂಗಿ ಬರೆದಿದ್ದನ್ನು ಅಳಿಸಿದಳು. ಆ ಸಿಟ್ಟಿಗೆ ದಿನವಿಡೀ ಕಾಜಾಗಳೆಲ್ಲ ಸೊಟ್ಟಗಾದವು.

ಟೈಲರಕ್ಕ ಊಟದ ಹೊತ್ತಿನಲ್ಲಿ ಆ ಫೋಟೋ ತೆರೆದು, ಕಂಕುಳಡಿಯನ್ನು ದೊಡ್ಡದು ಮಾಡಿ ನೋಡಿದಳು. ಜೋಡಣೆ ಎಲ್ಲೂ ಕಾಣಲಿಲ್ಲ. ಇಷ್ಟು ಚೆನ್ನಾಗಿ ಮಾಡಿದ ಕೆಲಸವನ್ನು ಯಾರಿಗೂ ತೋರಿಸುವಂತಿಲ್ಲವಲ್ಲ ಎಂದು ಅವಳಿಗೂ ಅನ್ನಿಸಿತು. ಒಂದು ಲೈಕು ಒತ್ತಿ ಫೋನು ಕೆಳಗಿಟ್ಟಳು.

ಬುಧವಾರ ಲೈಬ್ರರಿಯಾಕೆ ಬಂದರು. ಫೋಟೋದ ಕೆಳಗೆ "ನಮಗೂ ಕಲಿಸಿ ಮೇಡಂ" ಎಂದು ಬರೆದಿದ್ದವರು. ಆಚೀಚೆ ನೋಡಿ, ಚೀಲದಿಂದ ಗೌನೊಂದನ್ನು ಅರ್ಧ ಎಳೆದು ಪಿಸುಗುಟ್ಟಿದರು: "ಹೆಡ್‌ಮೇಡಂದಕ್ಕೆ ಮಾಡಿದ ಹಾಗೇ..."

"ಯಾವ ಗೌನು?" ಟೈಲರಕ್ಕ ತಲೆ ಎತ್ತಲಿಲ್ಲ.

"ಅಯ್ಯೋ, ಅವರೇ ಹೇಳಿದ್ರು, ನಂಗೊಬ್ಬಳಿಗೇ. ನೀವು ಸತ್ತರೂ ಬಾಯಿ ಬಿಡಲ್ಲ ಅಂತಾನೂ ಹೇಳಿದ್ರು."

ಶನಿವಾರದೊಳಗೆ ಅಂಥ ಏಳು ಮಂದಿ ಬಂದರು. ಏಳೂ ಜನರ ಪ್ರಕಾರ ಹೆಡ್‌ಮೇಡಂ ಹೇಳಿದ್ದು ತಮಗೊಬ್ಬರಿಗೇ. ಟೈಲರಕ್ಕ ಪ್ರತಿಯೊಬ್ಬರಿಗೂ ಮೊದಲ ಸಲ ಕೇಳುತ್ತಿರುವವಳ ಹಾಗೆ ತಲೆಯಾಡಿಸಿ ಟೇಪು ತೆಗೆದಳು. ಕೆಲಸ ರಾಶಿ ಬಿತ್ತು. ತಂಗಿ ಕಾಜಾ ಬಿಟ್ಟು ಹೊಲಿಗೆ ಬಿಚ್ಚುವುದಕ್ಕೆ ಕೂತಳು. ಇಬ್ಬರು ಗಿರಾಕಿಗಳು ಒಟ್ಟಿಗೇ ಬಂದು, ಬೆಂಚಿನ ಮೇಲೆ ಚೀಲಗಳನ್ನು ಅವುಚಿಕೊಂಡು ಕೂತರೆ, ತಂಗಿಯೇ ಮುಂದಾಗಿ ಸೆಕೆಯ ಮಾತು ತೆಗೆಯುತ್ತಿದ್ದಳು.