ನಡು ಸೀಳಿದ ಗಾಳದ ಕೋಲು

ಚೀಲದ ಬಾಯಿಗೆ ಕಟ್ಟಿದ್ದ ದಾರ ಬಿಚ್ಚಿದ ಕೂಡಲೇ ಹಳೆಯ ವಾರ್ನಿಷಿನ ವಾಸನೆ ಬಂತು. ಅದರ ಬೆನ್ನಿಗೇ ಹಳ್ಳದ ಕೆಸರಿನದು, ಒಣಗಿದ ಮೀನಿನದು, ತಳದಲ್ಲೆಲ್ಲೋ ಸಣ್ಣಗೆ ಕೊಬ್ಬರಿ ಎಣ್ಣೆಯದು. ಸೇಡಂ ರಸ್ತೆಯ ನನ್ನ ಮನೆಯ ಪಡಸಾಲೆಯಲ್ಲಿ, ಫ್ಯಾನಿನ ಕೆಳಗೆ, ಆ ಉದ್ದನೆಯ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನನಗೆ ಒಂದು ಗಳಿಗೆ ನನ್ನ ವಯಸ್ಸೇ ಮರೆತುಹೋಯಿತು. ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಪ್ರಕಾಶ ಎದುರಿಗೆ ಕೂತು, ನನ್ನ ಮುಖ ನೋಡದೆ, ಕೈಯಲ್ಲಿದ್ದ ನೀರಿನ ಲೋಟವನ್ನೇ ನೋಡುತ್ತಿದ್ದ. "ನಮ್ಮವ್ವ ಹೋಗಿ ತಿಂಗಳಾತ್ರಿ. ಇದನ್ನ ನಿಮ್ಗೇ ಕೊಡು ಅಂತ ಹೇಳಿದ್ಳು. ನಡುವಿನ ತುಂಡು ಸೀಳ್ಯಾದ. ರಿಪೇರಿ ಮಾಡಸ್ತೀರೋ, ಹೊಸಾದು ತರ್ತೀರೋ, ನಿಮಗ ಬಿಟ್ಟದ್ದು. ನಾ ಇನ್ನೂ ರವಿವಾರಕ್ಕೊಮ್ಮೆ ಹಳ್ಳಕ್ಕ ಹೋಗ್ತೀನ್ರಿ. ಒಮ್ಮೆ ನೀವೂ ಬರ್ರಿ" ಎಂದ. ಪ್ರಕಾಶ ನನ್ನ ತಂದೆಯ ಮಗ, ನನ್ನ ತಾಯಿಯ ಮಗನಲ್ಲ. ಅವನನ್ನು ತಮ್ಮ ಎಂದು ಕರೆಯುವ ರೂಢಿ ನನಗೆ ಯಾವತ್ತೂ ಆಗಿರಲಿಲ್ಲ.

ನಾನು ಸಣ್ಣವಳಿದ್ದಾಗ ನಾವು ಇದೇ ಊರಿನ ಬ್ರಹ್ಮಪುರದ ಒಂದು ಓಣಿಯಲ್ಲಿದ್ದೆವು. ಶಹಾಬಾದಿ ಕಲ್ಲು ಹಾಸಿದ ಎರಡು ಖೋಲಿಯ ಮನೆ, ಹಿಂದೆ ಬಚ್ಚಲು, ಅಂಗಳದಲ್ಲಿ ಒಂದು ನುಗ್ಗೆಗಿಡ. ಅಪ್ಪ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ವಾರದಲ್ಲಿ ಒಂದೆರಡು ರಾತ್ರಿ ಕಚೇರಿಯ ಕೆಲಸವೆಂದು ಬೇರೆ ಊರಿಗೆ ಹೋಗುವರು. ಉಳಿದ ದಿನ ಆ ಮನೆಯಲ್ಲಿ ಇದ್ದೂ ಇಲ್ಲದವರ ಹಾಗೆ ಇರುತ್ತಿದ್ದರು. ಉಂಡು, ಕೈತೊಳೆದು, ಪೇಪರು ಮುಖಕ್ಕೆ ಹಿಡಿದರೆ ಮುಗಿಯಿತು. ರವಿವಾರ ಮಾತ್ರ ನಸುಕಿಗೇ ಎದ್ದು ಗಾಳದ ಕೋಲನ್ನು ಗೋಡೆಯ ಗೂಟದಿಂದ ಇಳಿಸುವರು. ಲಗ್ನಕ್ಕೆ ಮೊದಲು ಹೈದರಾಬಾದಿನಿಂದ ತಂದ ಬಿದಿರಿನ ಕೋಲು ಅದು. ಮೂರು ತುಂಡು, ಒಂದಕ್ಕೊಂದು ಸೇರಿಸಲು ಹಿತ್ತಾಳೆಯ ಕೊಳವೆ, ಗೆಣ್ಣು ಗೆಣ್ಣಿಗೂ ಬಿಗಿಯಾಗಿ ಸುತ್ತಿದ ಕೆಂಪು ರೇಶ್ಮೆದಾರ. ಅದಕ್ಕೆಂದೇ ಅವ್ವ ತನ್ನ ಹಳೆಯ ಇಳಕಲ್ ಸೀರೆ ಕತ್ತರಿಸಿ ಕೈಯಿಂದಲೇ ಚೀಲ ಹೊಲಿದುಕೊಟ್ಟಿದ್ದಳು. ಅಪ್ಪ ಒಬ್ಬರೇ ನೀರಿನ ಹತ್ತಿರ ಹೋಗುವುದು ಅವಳಿಗೆ ಹೆದರಿಕೆ. "ಸಂಗಾಟ ಮಗಳು ಇದ್ರ ನನಗ ಜೀವಕ್ಕ ಸಮಾಧಾನ" ಎಂದು ಸಜ್ಜೆರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ನನ್ನನ್ನೂ ಕಳಿಸುತ್ತಿದ್ದಳು.

ಬಸ್ಸು ಕಮಲಾಪುರ ಮುಟ್ಟುವ ಹೊತ್ತಿಗೆ ಅಪ್ಪ ಬೇರೆಯೇ ಮನುಷ್ಯನಾಗಿರುತ್ತಿದ್ದರು. ನನ್ನ ಕೈಹಿಡಿದು ತೋಟದ ದಾರಿಯಲ್ಲಿ ನಡೆಯುತ್ತ ಸಿಳ್ಳೆ ಹಾಕುವರು. ಕೆಂಪು ಬಾಳೆಯ ತೋಟದ ಅಂಚಿಗೆ ಕಸ್ತೂರಿ ಕಾಕೂನ ಮನೆ. ಅಪ್ಪನ ಗೆಳೆಯನ ತಂಗಿ ಎಂದು ನನಗೆ ಹೇಳಿದ್ದರು, ಗಂಡ ದೂರ ದುಡಿಯಲು ಹೋಗಿದ್ದಾನೆ ಎಂದೂ. ಮಣ್ಣಿನ ಗೋಡೆ, ಸೆಗಣಿ ಸಾರಿಸಿದ ತಂಪು ನೆಲ, ಗೋಡೆಯ ಮಾಡದಲ್ಲಿ ಹಣ್ಣಾಗಲು ಇಟ್ಟ ಬಾಳೆಗೊನೆಯ ಸಿಹಿ ವಾಸನೆ. ಕಾಕು ನನ್ನನ್ನು ಹೊಸ್ತಿಲಲ್ಲಿ ಕೂಡಿಸಿಕೊಂಡು ತಲೆಗೆ ಎಣ್ಣೆ ಹಚ್ಚುವಳು. ನನ್ನ ಅವ್ವ ಜಡೆಯನ್ನು ಕಣ್ಣು ಮೇಲಾಗುವಂತೆ ಎಳೆದು ಹೆಣೆದರೆ ಇವಳು ಸಡಿಲಾಗಿ, ಮಾತಾಡುತ್ತ ಮಾತಾಡುತ್ತ, ಅವಸರವೇ ಇಲ್ಲದೆ ಹೆಣೆಯುವಳು. ಅವಳ ಮಗ ಪ್ರಕಾಶ, ನನಗಿಂತ ಸಣ್ಣವನು, ಎರೆಹುಳ ತುಂಬಿದ ಡಬ್ಬಿ ಹಿಡಿದು ನಮ್ಮ ಹಿಂದೆ ಹಳ್ಳಕ್ಕೆ ಬರುವನು. ಅಪ್ಪ ತುಂಡುಗಳನ್ನು ಜೋಡಿಸಿ, ಕೋಲನ್ನು ನನ್ನ ಕೈಗೆ ಕೊಟ್ಟು, ನನ್ನ ಕೈಗಳ ಮೇಲೆ ತಮ್ಮ ಕೈ ಇಟ್ಟು, "ನೀರು ನೋಡಬ್ಯಾಡ, ತೇಲೋ ಬೆಂಡು ನೋಡು" ಎನ್ನುವರು. ಮೀನು ಜಗ್ಗಿದಾಗ ಬಿದಿರು ಅಂಗೈಯಲ್ಲಿ ನಡುಗುವುದಿತ್ತಲ್ಲ, ಆ ನಡುಕ ಭುಜದವರೆಗೆ ಏರಿ ಬರುತ್ತಿತ್ತು. ಅಪ್ಪ ಬಾಯ್ತುಂಬ ನಗುತ್ತಿದ್ದರು. ಪ್ರಕಾಶ ಸ್ವಲ್ಪ ದೂರ ನಿಂತು ಡಬ್ಬಿ ಹಿಡಿದಿರುತ್ತಿದ್ದ. ಅಪ್ಪನನ್ನು ಅವನು "ಸಾಹೇಬ್ರ" ಎಂದು ಕರೆಯುತ್ತಿದ್ದ. ಸಂಜೆ ಬಾಳೆಎಲೆಯಲ್ಲಿ ಸುತ್ತಿದ ಮೀನು ಹಿಡಿದು ಬ್ರಹ್ಮಪುರಕ್ಕೆ ಮರಳಿದರೆ ಅವ್ವ ಅದನ್ನು ಹೆಚ್ಚಿ, ಹುಣಸೆಹುಳಿ ಹಿಂಡಿ ಸಾರು ಮಾಡಿ, ನನ್ನ ಬಾಯಿಂದ ದಿನದ ಕಥೆಯನ್ನೆಲ್ಲ ಕೇಳಿಸಿಕೊಳ್ಳುವಳು. ಕಾಕೂನ ಹೆಸರು ಎಷ್ಟೋ ಸಲ ಬಂದಿದೆ. ಗೆಳೆಯನ ತಂಗಿ ಎಂದರೆ ಗೆಳೆಯನ ತಂಗಿ. ಅವ್ವ ಅವಳಿಗೆಂದು ಒಮ್ಮೆ ಕರದಂಟು ಕಟ್ಟಿ ಕಳಿಸಿದ್ದಳು.

ಒಂದು ಬೇಸಿಗೆಯಲ್ಲಿ ಅಪ್ಪನಿಗೆ ಕಾಮಾಲೆಯಾಗಿ ಊರಿನ ಆಸ್ಪತ್ರೆಗೆ ಸೇರಿಸಿದರು. ಎರಡು ರವಿವಾರ ಕಮಲಾಪುರಕ್ಕೆ ಹೋಗುವುದು ತಪ್ಪಿತು. ಮೂರನೆಯ ರವಿವಾರ ಮಧ್ಯಾಹ್ನ, ನಾನು ಮತ್ತು ಅವ್ವ ಹಾಸಿಗೆಯ ಪಕ್ಕ ಕೂತಿದ್ದಾಗ, ಕಸ್ತೂರಿ ಕಾಕು ವಾರ್ಡಿನ ಬಾಗಿಲಲ್ಲಿ ಕಾಣಿಸಿದಳು. ನನಗೆ ಖುಷಿಯಾಗಿ ಎದ್ದು ನಿಂತೆ. ಅಷ್ಟರಲ್ಲಿ ಪ್ರಕಾಶ ಅವಳ ಕೈ ಬಿಡಿಸಿಕೊಂಡು ಓಡಿಬಂದು, ಹಳದಿಗಟ್ಟಿ ಮಲಗಿದ್ದ ಅಪ್ಪನ ಎದೆಯ ಮೇಲೆ ಬಿದ್ದು "ಅಪ್ಪಾ, ಅಪ್ಪಾ" ಎಂದು ಅಳತೊಡಗಿದ. ಅಪ್ಪನ ಕೈ ತಾನಾಗಿಯೇ ಅವನ ತಲೆಯ ಮೇಲೆ ಹೋಯಿತು. ಅವ್ವ ಆ ಕೈಯನ್ನು ನೋಡಿದಳು, ಬಾಗಿಲಲ್ಲಿ ನಿಂತ ಕಾಕೂನನ್ನು ನೋಡಿದಳು, ಆಮೇಲೆ ತಿರುಗಿ ನನ್ನನ್ನು ನೋಡಿದಳು. "ನಿನಗ ಗೊತ್ತಿತ್ತು" ಎಂದಳು. ಕೇಳಲಿಲ್ಲ, ಹೇಳಿದಳು. ನಾನು ಇಲ್ಲ ಎಂದೆ. ಅಪ್ಪನ ಮುಖ ನೋಡಿದೆ. ಆಕಿಗೇನೂ ಗೊತ್ತಿಲ್ಲ ಎಂಬ ಒಂದು ಮಾತು ಅವರ ಬಾಯಿಂದ ಬರಬಹುದಿತ್ತು. ಅವರು ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂದವರ ಹಾಗೆ.

ಆಸ್ಪತ್ರೆಯಿಂದ ಅಪ್ಪ ನೆಟ್ಟಗೆ ಕಮಲಾಪುರಕ್ಕೆ ಹೋದರು. ಕೆಲವು ದಿನದ ಮೇಲೆ ಬಟ್ಟೆಬರೆಗೆಂದು ಕಚೇರಿಯ ಜವಾನನನ್ನು ಕಳಿಸಿದಾಗ ಗಾಳದ ಕೋಲನ್ನೂ ಕೇಳಿದ್ದರು. ನನ್ನನ್ನು ಕೇಳಿರಲಿಲ್ಲ. ಅವ್ವ ಕೋಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ತಾನೇ ಹೊಲಿದ ಚೀಲದಲ್ಲಿಟ್ಟು, ದಾರ ಕಟ್ಟಿ ಕೊಟ್ಟಳು. ಮುಂದೆ ಅವಳು ಹೊಲಿಗೆ ಹಾಕಿ ನನ್ನನ್ನು ಓದಿಸಿದಳು, ಲಗ್ನ ಮಾಡಿದಳು, ಬಾಣಂತನ ಮಾಡಿದಳು. ಆದರೆ ನನ್ನ ಬಾಯಿಂದ ಕಥೆ ಕೇಳಿಸಿಕೊಳ್ಳುವುದನ್ನು ಬಿಟ್ಟಳು. ಸಾಯುವ ಮುಂಚಿನ ವರ್ಷ ಧೈರ್ಯ ಮಾಡಿ, "ಅವ್ವ, ಖರೇನ ನನಗ ಗೊತ್ತಿರ್ಲಿಲ್ಲ" ಎಂದೆ. "ಆತು ಬಿಡು. ಈಗ್ಯಾಕ ಆ ಮಾತು" ಎಂದು ಗೋಡೆಯ ಕಡೆ ಹೊರಳಿದಳು. ನನ್ನನ್ನು ಮರೆ ಮಾಡಿಕೊಂಡು ಅಪ್ಪ ಇನ್ನೊಂದು ಮನೆ ನಡೆಸಿದ್ದರು. ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಹೋಗಲಿಲ್ಲ.

ಪ್ರಕಾಶ ಚೀಲ ತಂದುಕೊಟ್ಟ ದಿನವೇ ಅವನೊಂದಿಗೆ ಕೋಲು ಹಿಡಿದು ಮೋಮಿನಪುರಕ್ಕೆ ಹೋದೆ. ಅಲ್ಲಿ ಬೆತ್ತದ ಕುರ್ಚಿ, ಹಾರ್ಮೋನಿಯಂ ಎಲ್ಲ ದುರಸ್ತಿ ಮಾಡುವ ಮುದುಕರೊಬ್ಬರ ಅಂಗಡಿಯಿದೆ. ಅವರು ತುಂಡುಗಳನ್ನು ಬಿಸಿಲಿಗೆ ಹಿಡಿದು ನೋಡಿ, "ದಾರ, ವಾರ್ನಿಷ್ ಎಲ್ಲಾ ತೆಗೀಬೇಕಾಗ್ತದ ಬೇಟಿ. ನಡುಕ್ಕ ಹೊಸಾ ಬಿದಿರು ಹಾಕ್ತೀನಿ. ನೋಡ್ಲಿಕ್ಕ ಮೊದಲಿನಂಗೇ ಆಗ್ತದ, ಗುರ್ತಾಗಂಗಿಲ್ಲ" ಎಂದರು. ಗುರ್ತಾಗಂಗಿಲ್ಲ ಎಂಬ ಮಾತು ನನಗೆ ಸೇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳುತ್ತೇನೆಂದು ಎದುರಿನ ಹೋಟೆಲಿನಲ್ಲಿ ಚಹಾಕ್ಕೆ ಕೂತೆವು. ಆಗ ಪ್ರಕಾಶ, ಕಪ್ಪಿನ ಕೆಳಗಿನ ಬಸಿಯನ್ನು ಬೆರಳಿನಿಂದ ತಿರುಗಿಸುತ್ತ, ನಾನು ಕೇಳದೆಯೇ ಹೇಳಿದ.

"ನೀವು ಬರೋ ರವಿವಾರ ಅಂದ್ರ ನನಗ ಬ್ಯಾಡೇ ಬ್ಯಾಡ ಅನಸ್ತಿತ್ರಿ. ಶನಿವಾರ ರಾತ್ರೀನೇ ಅವ್ವ ತಯಾರ ಮಾಡ್ತಿದ್ಳು. ನಾಳಿ ಅಪ್ಪಾ ಅನ್ಬ್ಯಾಡ, ಸಾಹೇಬ್ರ ಅನ್ನು. ಕೋಲು ಕೇಳಬ್ಯಾಡ, ಅದು ಆ ಹುಡಗೀದು ಅಂತಿದ್ಳು. ನಾ ಹುಳದ ಡಬ್ಬಿ ಹಿಡ್ಕೊಂಡು ನಿಂದರ್ತಿದ್ದೆ."

"ಅವತ್ತು ದವಾಖಾನ್ಯಾಗ?" ಎಂದೆ.

"ಅಪ್ಪ ಸಾಯ್ಲಕತ್ಯಾರ ಅಂದ್ಕೊಂಡಿದ್ದೆ. ಸಾಹೇಬ್ರ ಅನ್ನೋದು ಮರ್ತುಹೋತು. ಭಾಳ ದಿನ ಅವ್ವ ನನ್ನ ಕೂಡ ಮಾತಾಡ್ಲಿಲ್ರಿ. ನಿನ್ನಿಂದ ಒಂದು ಮನಿ ಮುರೀತು ಅಂತಿದ್ಳು."

"ಅಪ್ಪ ಏನಂದ್ರು?"

"ಏನಂತಾರ್ರಿ. ಏನೂ ಅನ್ಲಿಲ್ಲ."

ಚಹಾ ಆರಿಹೋಯಿತು. ನಾನು ಎದ್ದು ಹೋಗಿ ಮುದುಕರಿಂದ ಕೋಲು ವಾಪಸು ತೆಗೆದುಕೊಂಡೆ. ಅದನ್ನು ಮುರಿಯುವ ಮನಸ್ಸೂ ಇರಲಿಲ್ಲ, ಸೀಳು ಕಾಣದಂತೆ ಮಾಡಿಸುವ ಮನಸ್ಸೂ ಇರಲಿಲ್ಲ. ಸೂಪರ್ ಮಾರ್ಕೆಟಿನ ಅಂಗಡಿಯೊಂದರಲ್ಲಿ ಹೊಸ ಫೈಬರ್ ಕೋಲು ಕೊಂಡು ಅವನ ಕೈಗೆ ಕೊಟ್ಟು, "ಇದು ನಿಂದು" ಎಂದೆ. ಅವನು ಬಹಳ ಹೊತ್ತು ಅದನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ.

ಮುಂದಿನ ರವಿವಾರ ಕಮಲಾಪುರಕ್ಕೆ ಹೋದೆ. ತೋಟದ ಅಂಚಿನ ಆ ಮನೆ ಇರಲಿಲ್ಲ. ರಸ್ತೆ ಅಗಲ ಮಾಡುವಾಗ ಹೋಯಿತಂತೆ. ಅದು ನಿಂತಿದ್ದ ಕಡೆ ಜಲ್ಲಿಯ ಗುಡ್ಡೆಯೊಂದರ ಮೇಲೆ ಒಣ ಹುಲ್ಲು ಬೆಳೆದಿತ್ತು. ಹಳ್ಳದಲ್ಲಿ ಮಾತ್ರ ನೀರಿತ್ತು. ಪ್ರಕಾಶ ಗಾಳ ಎಸೆದು ಕೂತ. ನಾನು ಪಕ್ಕದ ಬಂಡೆಯ ಮೇಲೆ ಕೂತೆ. ಇಷ್ಟು ವರ್ಷ ಯಾರನ್ನೂ ಕೇಳಲಾಗದ್ದನ್ನು ಅವನನ್ನು ಕೇಳಿದೆ. "ವಾರದ ನಡುವ ನನ್ನ ಬಿಟ್ಟು ಬಂದಾಗ ಅಪ್ಪ ನಿಮ್ಮ ಮನ್ಯಾಗ ಹ್ಯಾಂಗಿರ್ತಿದ್ರು? ಆಮ್ಯಾಲ, ಪೂರಾ ಇಲ್ಲೇ ಬಂದ ಮ್ಯಾಲ?"

ಅವನು ಬೆಂಡಿನ ಮೇಲಿನ ಕಣ್ಣು ತೆಗೆಯದೆ ಹೇಳಿದ. "ಮಾತೇ ಇರ್ಲಿಲ್ರಿ. ಉಂಡು ಪೇಪರ್ ಹಿಡ್ಕೊಂಡು ಕೂಡ್ತಿದ್ರು. ನೀವು ಬರೋದು ನಿಂತ ಮ್ಯಾಲ ಅವರು ನಕ್ಕದ್ದು ನಾ ನೋಡಿಲ್ಲ. ನಾವು ಅಂದ್ಕೊಂಡಿದ್ವಿ, ಬ್ರಹ್ಮಪುರದ ಮನ್ಯಾಗ ನಕ್ಕೋತ ಇದ್ದಿರಬೇಕು ಅಂತ."

ನಮ್ಮ ಮನೆಯಲ್ಲಿ ನಾನೂ ಅವ್ವನೂ ಎಷ್ಟು ವರ್ಷ ಇದನ್ನೇ ತಿರುಗಿಸಿ ಅಂದುಕೊಂಡಿದ್ದೆವು ಎಂದು ಅವನಿಗೆ ಹೇಳಿದೆ. ಅವನು ತಲೆಯಾಡಿಸಿದ. ಎರಡು ಮನೆಯ ನಾಲ್ಕು ಜನ, ಅಪ್ಪ ಇಲ್ಲದ ಊಟದ ಮುಂದೆ ಕೂತು, ಅವರು ಇನ್ನೊಂದು ಕಡೆ ಸುಖವಾಗಿದ್ದಾರೆಂದು ನಂಬಿದ್ದೆವು. ಹೊಟ್ಟೆಕಿಚ್ಚು ಪಡಲಿಕ್ಕಾದರೂ ನಗುವ ಒಬ್ಬ ಮನುಷ್ಯ ಅಲ್ಲಿದ್ದಾನೆಂದು ತಿಳಿದಿದ್ದೆವು. ಬೆಂಡು ಮುಳುಗಿತು, ಪ್ರಕಾಶ ಎಳೆದ, ಏನೂ ಇರಲಿಲ್ಲ. ಅವನು ಮತ್ತೆ ಹುಳ ಚುಚ್ಚಿದ. ನೀರು ಎಂದಿನಂತೆ ನಿಧಾನವಾಗಿ ಹೋಗುತ್ತಿತ್ತು. ನಾವಿಬ್ಬರೂ ಬಿಸಿಲು ಇಳಿಯುವವರೆಗೆ ಅಲ್ಲೇ ಕೂತಿದ್ದೆವು.